ಸಿಲಿಕೋನ್ ಸ್ತನ ಮಾದರಿ: ಕಲಿಸುವವರ ಕೈಗೆ ಒಳ್ಳೆಯದು, ಡಬ್ಬದ ಮೇಲಿನ ಮಾತು ನಂಬಬೇಡಿ

ಆರೋಗ್ಯ ಕಾರ್ಯಕರ್ತೆಯರಿಗೆ ಸ್ತನ ಪರೀಕ್ಷೆ ಕಲಿಸುವುದು ನನ್ನ ಕೆಲಸ. ಅದಕ್ಕೆಂದು ತರಿಸಿದ ಈ ಮಾದರಿ ಈಗಾಗಲೇ ಹಲವರ ಕೈಯಲ್ಲಿ ಪಳಗಿದೆ.

ಗಂಟು ಹೇಗಿರುತ್ತದೆ ಎಂಬುದನ್ನು ಬಾಯಿಮಾತಿನಲ್ಲಿ ಹೇಳಿ ತಿಳಿಸಲಾಗದು. ಇದರೊಳಗೆ ಬೇರೆ ಬೇರೆ ಗಾತ್ರದ ಗಂಟುಗಳನ್ನು ಹುದುಗಿಸಿದ್ದಾರೆ. ದೊಡ್ಡದು ಮುಟ್ಟಿದೊಡನೆ ಸಿಗುತ್ತದೆ. ತಳದಲ್ಲಿ ಅಡಗಿ ಕುಳಿತ ಚಿಕ್ಕದು ಮಾತ್ರ ಎಲ್ಲರನ್ನೂ ಆಟವಾಡಿಸುತ್ತದೆ. ಬೆರಳ ತುದಿಯಿಂದ ಚುಚ್ಚಿ ಹುಡುಕುವವರಿಗೆ ಅದು ಸಿಗುವುದೇ ಇಲ್ಲ. ನಡುವಿನ ಮೂರು ಬೆರಳುಗಳನ್ನು ಚಪ್ಪಟೆಯಾಗಿಟ್ಟು, ಸಣ್ಣ ಸುತ್ತು ಹಾಕುತ್ತ, ಮೊದಲು ಹಗುರವಾಗಿ, ಆಮೇಲೆ ತುಸು ಒತ್ತಿ, ಕೊನೆಗೆ ಗಟ್ಟಿಯಾಗಿ ಒತ್ತಿದಾಗ ಬೆರಳಡಿ ಏನೋ ಜಾರುತ್ತದೆ. ‘ಮೇಡಂ, ಇದೇನಾ?’ ಎಂದು ಕೇಳಿ ಮತ್ತೆ ಅಲ್ಲೇ ಒತ್ತಿ ನೋಡುತ್ತಾರೆ. ಹಾಗೆ ಒಮ್ಮೆ ಸಿಕ್ಕಿತೆಂದರೆ ಬೆರಳು ಅದನ್ನು ಮರೆಯುವುದಿಲ್ಲ. ಈ ಒಂದು ಕಾರಣಕ್ಕೇ ನಾನು ಇದನ್ನು ಮತ್ತೆ ಕೊಳ್ಳುತ್ತೇನೆ.

ಕೊರತೆಗಳೂ ಇವೆ. ಗಂಟು ಬಿಟ್ಟರೆ ಇಡೀ ಮಾದರಿ ಒಂದೇ ಸಮನೆ ಮೆತ್ತಗಿದೆ. ನಿಜವಾದ ಸ್ತನ, ಅದರಲ್ಲೂ ಕಿರಿಯ ವಯಸ್ಸಿನವರಲ್ಲಿ ಮುಟ್ಟಿನ ಮುಂಚಿನ ದಿನಗಳಲ್ಲಿ, ಸಹಜವಾಗಿಯೇ ಗಂಟುಗಂಟಾಗಿರುತ್ತದೆ. ಮಾದರಿಯ ಮೇಲೆ ಎಲ್ಲವನ್ನೂ ಹುಡುಕಿಕೊಟ್ಟವರು ಮೊದಲ ಬಾರಿ ಒಬ್ಬ ಮಹಿಳೆಯನ್ನು ಪರೀಕ್ಷಿಸುವಾಗ ತಬ್ಬಿಬ್ಬಾಗುತ್ತಾರೆ. ಇದಕ್ಕೆ ಕಂಕುಳೇ ಇಲ್ಲ. ಸ್ತನ ಕ್ಯಾನ್ಸರ್ ಹರಡುವಾಗ ಮೊದಲು ತಲುಪುವುದು ಬಹುತೇಕ ಅಲ್ಲಿನ ಗ್ರಂಥಿಗಳನ್ನೇ. ಒಳಕ್ಕೆ ಎಳೆದುಕೊಂಡ ತೊಟ್ಟು, ಕಿತ್ತಳೆ ಸಿಪ್ಪೆಯಂತಾದ ಚರ್ಮ, ರಕ್ತ ಬೆರೆತ ಸ್ರಾವ, ರೋಗದ ಈ ಲಕ್ಷಣಗಳನ್ನೆಲ್ಲ ಚಿತ್ರ ತೋರಿಸಿಯೇ ಕಲಿಸಬೇಕು. ಬಣ್ಣವಂತೂ ತಿಳಿಗುಲಾಬಿ. ‘ಇದು ಯಾರದ್ದು?’ ಎಂದು ಒಬ್ಬರು ಕೇಳಿದ್ದೇ ತಡ, ಕೋಣೆಯೆಲ್ಲ ನಗು. (ಸಂಕೋಚ ಕರಗಿದ್ದು ಆ ನಗುವಿನಿಂದಲೇ, ಆದರೆ ಅದರ ಶ್ರೇಯಸ್ಸನ್ನು ತಯಾರಕರಿಗೆ ಕೊಡಲಾರೆ.) ಧೂಳು ಬಲುಬೇಗ ಅಂಟುತ್ತದೆ. ಸಾಬೂನು ನೀರಿನಲ್ಲಿ ತೊಳೆದು, ಒಣಗಿಸಿ, ಪೌಡರ್ ಸವರಿಡಿ.

ನನ್ನ ದೊಡ್ಡ ತಕರಾರು ಡಬ್ಬದ ಮೇಲಿನ ಮಾತಿನ ಬಗ್ಗೆ: ತಿಂಗಳಿಗೊಮ್ಮೆ ನೀವೇ ಪರೀಕ್ಷಿಸಿಕೊಂಡರೆ ಜೀವ ಉಳಿಯುತ್ತದಂತೆ. ಶಾಂಘೈನ ಜವಳಿ ಕಾರ್ಖಾನೆಗಳ 2,66,000 ಮಹಿಳೆಯರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2002ರಲ್ಲಿ ಬಂತು. ಸ್ವಯಂ ಪರೀಕ್ಷೆ ಕಲಿತ ಗುಂಪಿನಲ್ಲಿ ಸಾವು ಕಡಿಮೆಯಾಗಿರಲಿಲ್ಲ. ಅಪಾಯವಿಲ್ಲದ ಗಂಟುಗಳಿಗೆ ಬಯಾಪ್ಸಿ (ಗಂಟಿನ ಚೂರು ತೆಗೆದು ಪರೀಕ್ಷಿಸುವುದು) ಮಾತ್ರ ಹೆಚ್ಚಾಗಿತ್ತು. ಮುಂಬೈನ ಅಧ್ಯಯನದಲ್ಲಿ ಬೇರೆಯೇ ಕ್ರಮ ಅನುಸರಿಸಿದರು. ತರಬೇತಿ ಪಡೆದ ಕಾರ್ಯಕರ್ತೆಯರೇ ಎರಡು ವರ್ಷಕ್ಕೊಮ್ಮೆ ಮಹಿಳೆಯರ ಸ್ತನವನ್ನು ಕೈಯಿಂದ ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ವರದಿಯ ಪ್ರಕಾರ 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ 30ರಷ್ಟು ಇಳಿಯಿತು. ಕಿರಿಯರಲ್ಲಿ ಅಂಥ ಲಾಭ ಕಾಣಲಿಲ್ಲ. ಸ್ತನದ ಎಕ್ಸ್-ರೇ ತೆಗೆಯುವ ಮ್ಯಾಮೊಗ್ರಾಮ್ ಯಂತ್ರ ಎಲ್ಲರಿಗೂ ಎಟುಕದ ದೇಶಗಳಲ್ಲಿ ಈ ಮಾದರಿ ಸೇರಬೇಕಾದ್ದು ಅಂಥ ಕಾರ್ಯಕರ್ತೆಯ ಚೀಲಕ್ಕೆ. ಹಾಗೆಂದು ತನ್ನ ಸ್ತನದಲ್ಲಿ ಬದಲಾವಣೆ ಕಂಡವರು ಸುಮ್ಮನಿರಬೇಕೆಂದಲ್ಲ, ಕೂಡಲೇ ತೋರಿಸಿಕೊಳ್ಳಬೇಕು.

ಕೈಪಿಡಿ ಅಚ್ಚುಕಟ್ಟಾಗಿದೆ. ಆದರೆ ಗಂಟು ಸಿಕ್ಕಿದ ಪುಟಕ್ಕೇ ಮುಗಿದುಹೋಗುತ್ತದೆ. ನಮಗೆ ತೊಡಕು ಶುರುವಾಗುವುದೇ ಆಮೇಲೆ. ಗಂಟು ಸಿಕ್ಕ ಮಹಿಳೆಯರು ‘ನೋವೇ ಇಲ್ಲವಲ್ಲ, ಆಮೇಲೆ ನೋಡೋಣ’ ಎನ್ನುತ್ತಾರೆ. ಕ್ಯಾನ್ಸರ್ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ. ಬಯಾಪ್ಸಿಗೆ ಸೂಜಿ ಚುಚ್ಚಿದರೆ ರೋಗ ಹರಡುತ್ತದೆಂಬ ತಪ್ಪು ಭಯ ಇನ್ನೊಂದು. ಮೊದಲು ತೋರಿಸಿಕೊಂಡ 60 ದಿನಗಳೊಳಗೆ ರೋಗ ಏನೆಂದು ಖಚಿತವಾಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಲ್ಲಿ ಸ್ಕ್ಯಾನಿಂಗ್ ಆಗುತ್ತದೆ, ಬಯಾಪ್ಸಿ ಯಾರು ಮಾಡುತ್ತಾರೆ, ಯಾವ ವಾರ ಸಿಗುತ್ತಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ನಾನೇ ಡಬ್ಬದೊಳಗೆ ಇಟ್ಟಿದ್ದೇನೆ.

ಕೊಳ್ಳುವವರಿಗೆ ಒಂದು ಮಾತು. ಮೇಜಿನ ಮೇಲಿಡುವ ಮಾದರಿಗಿಂತ ಎದೆಗೆ ಕಟ್ಟಿಕೊಳ್ಳುವಂಥದ್ದು ಸಿಕ್ಕರೆ ಅದನ್ನೇ ಆರಿಸಿ. ಮಲಗಿದವರನ್ನೂ ಕುಳಿತವರನ್ನೂ ಪರೀಕ್ಷಿಸುವ ಅಭ್ಯಾಸ ಒಟ್ಟಿಗೇ ಆಗುತ್ತದೆ.