ನೀಲಿ ಡಯೋಡ್, ಸಿಓ2, ಫೈಬರ್: ಮೂರು ಲೇಸರ್ ಪಕ್ಕಪಕ್ಕ ಇಟ್ಟು ನೋಡಿದ್ದು

3 ಮಿಲಿಮೀಟರ್ ದಪ್ಪದ ಪಾರದರ್ಶಕ ಅಕ್ರಿಲಿಕ್ ಹಾಳೆಯನ್ನು ನೀಲಿ ಡಯೋಡ್ ಲೇಸರ್ ಕೆಳಗಿಟ್ಟು ಮೆಷಿನ್ ಓಡಿಸಿದೆ. ಕಿರಣ ಬಿಡುವ ಹೆಡ್ ಚೌಕಾಕಾರದಲ್ಲಿ ಪೂರ್ತಿ ಒಂದು ಸುತ್ತು ಬಂತು. ಹಾಳೆ ಎತ್ತಿ ನೋಡಿದರೆ ಅದರ ಮೇಲೆ ಒಂದು ಗೀರೂ ಇಲ್ಲ. ಕೆಳಗಿದ್ದ ಹಲಗೆಯ ಮೇಲೆ ಮಾತ್ರ ಕಪ್ಪನೆಯ ಚೌಕ ಸುಟ್ಟು ಮೂಡಿತ್ತು. ಅದೇ ಹಾಳೆಯನ್ನು ಸಿಓ2 (ಕಾರ್ಬನ್ ಡೈಆಕ್ಸೈಡ್ ಅನಿಲದ) ಲೇಸರ್ ಮೆಷಿನ್‌ಗೆ ಹಾಕಿದೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತುಂಡು ಬಿಡಿಸಿ ಕೊಟ್ಟಿತು. ಅಂಚು ಪಾಲಿಶ್ ಮಾಡಿದಷ್ಟು ನುಣುಪು.

ಲೇಸರ್ ತೆಗೆದುಕೊಳ್ಳುವವರು ಮೊದಲು ಕೇಳುವುದು ಎಷ್ಟು ವ್ಯಾಟ್ ಅಂತ. ನಾನೂ ಹಾಗೇ ಕೇಳುತ್ತಿದ್ದೆ. ಈಗ ಮೊದಲು ತರಂಗಾಂತರ, ಅಂದರೆ ಬೆಳಕಿನ ಅಲೆಯ ಉದ್ದ, ಕೇಳುತ್ತೇನೆ. ನೀಲಿ ಡಯೋಡಿನದ್ದು ಸುಮಾರು 450 ನ್ಯಾನೋಮೀಟರ್, ಕಣ್ಣಿಗೆ ಕಾಣುವ ಬೆಳಕು. ಕಿಟಕಿ ಗಾಜಿನಲ್ಲಿ ಹಗಲು ಬೆಳಕು ಹಾದು ಬಂದಂತೆ ಅದು ಅಕ್ರಿಲಿಕ್ಕಿನಲ್ಲಿ ಹಾದು ಹೋಗುತ್ತದೆ. ಸಿಓ2 ಲೇಸರಿನದ್ದು 10,600 ನ್ಯಾನೋಮೀಟರ್. ಆ ಬೆಳಕನ್ನು ಅಕ್ರಿಲಿಕ್ ಮೇಲ್ಮೈಯಲ್ಲೇ ಹೀರಿಕೊಳ್ಳುತ್ತದೆ. ಹೀರಿಕೊಂಡರೆ ತಾನೇ ಬಿಸಿ ಆಗುವುದು?

ನಾನು ಹೋಲಿಸಿದ್ದು 10 ವ್ಯಾಟ್ ಡಯೋಡ್, 60 ವ್ಯಾಟ್ ಸಿಓ2, 20 ವ್ಯಾಟ್ ಫೈಬರ್ (ಗಾಜಿನ ಎಳೆಯೊಳಗೆ ಬೆಳಕು ಹುಟ್ಟಿಸುವ ಲೇಸರ್). ಮೂರೂ ಬೆಳಕಿನ ವ್ಯಾಟ್. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಕೆಲವು ಡಯೋಡ್ ಮೆಷಿನ್‌ಗಳ ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವುದು ಅದು ಎಳೆಯುವ ಕರೆಂಟಿನ ಲೆಕ್ಕ. ಹೊರಗೆ ಬರುವ ಬೆಳಕು ಅದಕ್ಕಿಂತ ತುಂಬಾ ಕಡಿಮೆ.

ಪ್ಲೈವುಡ್‌ನಲ್ಲಿ ಸಿಓ2 ಮುಂದೆ ಉಳಿದ ಎರಡೂ ನಿಲ್ಲುವುದಿಲ್ಲ. 3 ಮಿಲಿಮೀಟರ್ ಹಲಗೆ ಒಂದೇ ಸಲಕ್ಕೆ ತುಂಡಾಯಿತು. ಡಯೋಡ್ ಅದೇ ಗೆರೆಯ ಮೇಲೆ ನಿಧಾನವಾಗಿ ಮೂರು ಸಲ ಓಡಿತು, ಅಂಚಿಗೆ ಮಸಿಯೂ ಜಾಸ್ತಿ. ಗಾಳಿ ಊದುವ ಪಂಪ್ ಜೋಡಿಸಿದ ಮೇಲೆ ಎರಡರಲ್ಲೂ ಅಂಚು ಎಷ್ಟೋ ಚೊಕ್ಕವಾಯಿತು. ಹೊಗೆ ಕಿರಣಕ್ಕೆ ಅಡ್ಡ ಬರುವುದು ತಪ್ಪುತ್ತದೆ, ಬೆಂಕಿ ಹತ್ತುವ ಭಯವೂ ಕಡಿಮೆ. ಫೈಬರ್ ಬಗ್ಗೆ ಇಲ್ಲಿ ಹೇಳುವುದು ಏನೂ ಇಲ್ಲ, ಮರ ಅದರ ಕೆಲಸ ಅಲ್ಲ.

ಲೋಹ ಇಟ್ಟ ಕೂಡಲೇ ಎಲ್ಲ ತಲೆಕೆಳಗಾಯಿತು. ಒಂದು ಸ್ಟೇನ್‌ಲೆಸ್ ಸ್ಟೀಲ್ ತಗಡಿನ ಮೇಲೆ ಒಂದೇ ಅಕ್ಷರವನ್ನು ಮೂರರಲ್ಲೂ ಬರೆಸಿದೆ. 60 ವ್ಯಾಟ್ ಸಿಓ2 ಏನೂ ಮಾಡಲಿಲ್ಲ. ಅಷ್ಟು ಶಕ್ತಿಯನ್ನೂ ಲೋಹ ಹಿಂದಕ್ಕೆ ಎಸೆದುಬಿಟ್ಟಿತು. ಡಯೋಡ್ ತುಂಬಾ ನಿಧಾನಕ್ಕೆ ಓಡಿಸಿದ ಮೇಲೆ ಕಂದು ಬಣ್ಣದ ಗುರುತು ಮೂಡಿಸಿತು. ಫೈಬರ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸಿತ್ತು. ಭೂತಗನ್ನಡಿ ಹಿಡಿದು ನೋಡಿದೆ. ಡಯೋಡಿನ ಅಕ್ಷರದ ಸುತ್ತ ಬಿಸಿ ಹರಡಿ ಹಳದಿ ನೆರಳು ಕಟ್ಟಿತ್ತು. ಫೈಬರ್ ಕೆತ್ತಿದ ಗೆರೆ ಸಾಲುಸಾಲು ಸಣ್ಣ ಗುಳಿಗಳಂತೆ ಕಾಣುತ್ತಿತ್ತು. ಒಂದೊಂದು ಗುಳಿಯೂ ಒಂದೊಂದು ಹೊಡೆತ. ಉಗುರು ಆಡಿಸಿದರೆ ತಡೆಯುತ್ತಿತ್ತು.

ಬರೀ 20 ವ್ಯಾಟ್‌ಗೆ ಇಷ್ಟು ಬಲ ಎಲ್ಲಿಂದ ಬಂತು? ಅದರ 1064 ನ್ಯಾನೋಮೀಟರ್ ಬೆಳಕನ್ನು ಸ್ಟೀಲ್ ಸಿಓ2 ಬೆಳಕಿಗಿಂತ ಚೆನ್ನಾಗಿ ಹೀರುತ್ತದೆ. ತರಂಗಾಂತರ ಹತ್ತನೇ ಒಂದು ಭಾಗ ಆಗಿರುವುದರಿಂದ ಕಿರಣವನ್ನು ಅಷ್ಟೇ ಸಣ್ಣ ಚುಕ್ಕೆಗೆ ಇಳಿಸಬಹುದು. ಎಲ್ಲಕ್ಕಿಂತ ದೊಡ್ಡ ಕಾರಣ ಹೊಡೆತದ ರೀತಿ. ಡಯೋಡ್ ನಲ್ಲಿಯ ನೀರಿನಂತೆ ಒಂದೇ ಸಮ ಸುರಿಯುತ್ತದೆ. ಫೈಬರ್ ಶಕ್ತಿಯನ್ನು ಕೂಡಿಟ್ಟು ಒಮ್ಮೆಗೇ ಬಿಡುತ್ತದೆ. 20 ವ್ಯಾಟ್ ಅಂದರೆ ಸೆಕೆಂಡಿಗೆ 20 ಜೂಲ್ ಶಕ್ತಿ. ಸೆಕೆಂಡಿಗೆ 20,000 ಹೊಡೆತ ಎಂದಿಟ್ಟುಕೊಂಡರೆ ಒಂದು ಹೊಡೆತದ ಪಾಲಿಗೆ 1 ಮಿಲಿಜೂಲ್. ಆ 1 ಮಿಲಿಜೂಲ್ 100 ನ್ಯಾನೋಸೆಕೆಂಡಿನಲ್ಲಿ (ಸೆಕೆಂಡಿನ ಕೋಟಿಯಲ್ಲಿ ಒಂದು ಭಾಗ) ಬಂದು ಬಿದ್ದರೆ ಆ ಕ್ಷಣದ ಶಕ್ತಿ ಸುಮಾರು 10,000 ವ್ಯಾಟ್! ಈ ಲೆಕ್ಕವನ್ನು ಮೊದಲ ಸಲ ಹಾಳೆಯ ಮೇಲೆ ಬರೆದು ನೋಡಿದಾಗ ನನಗೆ ನಿಜಕ್ಕೂ ರೋಮಾಂಚನ ಆಯಿತು.

ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋದರೆ ಫೆಮ್ಟೋಸೆಕೆಂಡ್ ಲೇಸರ್ ಸಿಗುತ್ತದೆ. ಒಂದು ಫೆಮ್ಟೋಸೆಕೆಂಡ್ ಅಂದರೆ ನ್ಯಾನೋಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಅದನ್ನು ನಾನು ಓಡಿಸಿಲ್ಲ, ಅದು ಕೊರೆದ ಒಂದು ಸ್ಟೀಲ್ ತುಂಡನ್ನು ಮಾತ್ರ ಕೈಯಲ್ಲಿ ಹಿಡಿದು ನೋಡಿದ್ದೇನೆ. ತೂತಿನ ಸುತ್ತ ಕರಗಿ ಗಟ್ಟಿಯಾದ ಏರಿಯೇ ಇರಲಿಲ್ಲ. ಬಿಸಿ ಪಕ್ಕಕ್ಕೆ ಹರಡುವ ಮೊದಲೇ ಹೊಡೆತ ಮುಗಿದಿರುತ್ತದೆ. ಅಷ್ಟು ಚಿಕ್ಕ ಹೊಡೆತಕ್ಕೆ ನೇರವಾಗಿ ಬಲ ತುಂಬಿಸಲು ಹೋದರೆ ಲೇಸರ್ ಒಳಗಿನ ಭಾಗಗಳೇ ಸುಟ್ಟುಹೋಗುತ್ತಿದ್ದವು. 1985ರಲ್ಲಿ ಡೊನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ಡ್ ಮುರೂ ಎಂಬ ಭೌತವಿಜ್ಞಾನಿಗಳು ಇದಕ್ಕೊಂದು ದಾರಿ ತೋರಿಸಿದರು. ಹೊಡೆತವನ್ನು ಮೊದಲು ಉದ್ದಕ್ಕೆ ಎಳೆ, ಬಲ ತುಂಬಿಸು, ಕೊನೆಗೆ ಮತ್ತೆ ಕುಗ್ಗಿಸು. ಆ ಉಪಾಯಕ್ಕೆ 2018ರಲ್ಲಿ ನೊಬೆಲ್ ಬಂತು.

ತಾಮ್ರದ ಕಥೆ ಬೇರೆ. ನೀಲಿ ಬೆಳಕನ್ನು ತಾಮ್ರ ಫೈಬರಿನ ಬೆಳಕಿಗಿಂತ ಎಷ್ಟೋ ಪಟ್ಟು ಜಾಸ್ತಿ ಹೀರುತ್ತದೆ. ಹಾಗಾದರೆ ಡಯೋಡ್ ಗೆಲ್ಲಬೇಕಲ್ವಾ? ನನ್ನ 10 ವ್ಯಾಟ್ ಗೆಲ್ಲಲಿಲ್ಲ. ಹೀರಿದ ಬಿಸಿಯನ್ನು ತಾಮ್ರ ಅಷ್ಟೇ ಬೇಗ ಸುತ್ತ ಹಂಚಿಬಿಡುತ್ತದೆ. ಫೈಬರ್ ತನ್ನ ಹೊಡೆತದ ಬಲದಿಂದಲೇ ಗುರುತು ಹಾಕಿತು. ಆದರೆ ಕಾರ್ಖಾನೆಗಳಲ್ಲಿ ನೂರಾರು ವ್ಯಾಟ್‌ನಿಂದ ಕಿಲೋವ್ಯಾಟ್‌ವರೆಗಿನ ನೀಲಿ ಲೇಸರ್‌ಗಳು ಬ್ಯಾಟರಿಗಳ ತಾಮ್ರದ ಪಟ್ಟಿಗಳನ್ನು ಬೆಸೆಯುತ್ತಿವೆ.

ದಿನನಿತ್ಯದ ಆರೈಕೆಯಲ್ಲಿ ಸಿಓ2 ಹೆಚ್ಚು ಕೆಲಸ ಕೊಡುತ್ತದೆ. ಗಾಜಿನ ಟ್ಯೂಬಿಗೆ ಸದಾ ತಣ್ಣೀರು ಹರಿಯಬೇಕು. ಮೂರು ಕನ್ನಡಿಗಳಲ್ಲಿ ಒಂದು ಕೂದಲೆಳೆಯಷ್ಟು ವಾಲಿದರೂ ಮೇಜಿನ ಒಂದು ಮೂಲೆಯಲ್ಲಿ ಕತ್ತರಿಸುತ್ತದೆ, ಇನ್ನೊಂದು ಮೂಲೆಯಲ್ಲಿ ಸುಮ್ನೆ ಗೀಚುತ್ತದೆ. ಇಷ್ಟಾದರೂ 1964ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸಿ. ಕುಮಾರ್ ಎನ್. ಪಟೇಲ್ ಕಂಡುಹಿಡಿದ ಈ ಲೇಸರ್ ಮೇಲೆ ನನಗೆ ವಿಶೇಷ ಅಕ್ಕರೆ. ಇವತ್ತು ಅತಿ ಸೂಕ್ಷ್ಮ ಚಿಪ್‌ಗಳನ್ನು ಮುದ್ರಿಸುವ ಯಂತ್ರದೊಳಗೂ ಇದೇ ಜಾತಿಯ ಲೇಸರ್ ಇದೆ. ಅದು ಸೆಕೆಂಡಿಗೆ ಸುಮಾರು 50,000 ತವರದ ಹನಿಗಳಿಗೆ ಹೊಡೆದು 13.5 ನ್ಯಾನೋಮೀಟರ್ ಬೆಳಕನ್ನು ಹೊರಡಿಸುತ್ತದೆ. ಫೈಬರ್‌ಗೆ ಇಂಥ ಆರೈಕೆ ಬೇಡ. ಅದರ ಬೆಳಕು ಹುಟ್ಟುವುದೇ ಯಿಟರ್ಬಿಯಂ ಎಂಬ ಲೋಹ ಬೆರೆಸಿದ ಗಾಜಿನ ಎಳೆಯೊಳಗೆ, ಹಾಗಾಗಿ ಒಳಗೆ ತಿರುಗಿಸಿ ಸರಿಮಾಡುವ ಕನ್ನಡಿ ಇಲ್ಲ. ಆ ಎಳೆಗೆ ಶಕ್ತಿ ತುಂಬುವುದು ಕೂಡ ಡಯೋಡ್‌ಗಳೇ!

ಒಂದೇ ಇಟ್ಟುಕೊಳ್ಳಿ ಅಂದರೆ ನಾನು ಸಿಓ2 ಇಟ್ಟುಕೊಳ್ಳುತ್ತೇನೆ. ನನ್ನ ಕೆಲಸ ಜಾಸ್ತಿ ಮರ ಮತ್ತು ಅಕ್ರಿಲಿಕ್‌ನದ್ದು. ಲೋಹಕ್ಕೆ ಗುರುತು ಹಾಕುವವರು ಯೋಚನೆಯೇ ಮಾಡದೆ ಫೈಬರ್ ಹಿಡಿಯಲಿ. ಕಲಿಯುವವರಿಗೆ ಡಯೋಡ್ ಒಳ್ಳೆಯದು, ಆದರೆ ಮುಚ್ಚಿದ ಪೆಟ್ಟಿಗೆ ಇರುವಂಥದ್ದೇ ಬೇಕು.

ಕಣ್ಣಿನ ವಿಷಯದಲ್ಲಿ ಮೂರೂ ಬೇರೆ ಬೇರೆ. ಸಿಓ2 ಬೆಳಕು ಕಣ್ಣಿನ ಹೊರಪದರವನ್ನು ಸುಡುತ್ತದೆ, ಮೆಷಿನ್ನಿನ ಅಕ್ರಿಲಿಕ್ ಮುಚ್ಚಳ ಅದನ್ನು ತಡೆಯುತ್ತದೆ. ಡಯೋಡಿಗೆ ನೀಲಿ ತಡೆಯುವ ಕಿತ್ತಳೆ ಬಣ್ಣದ ಕನ್ನಡಕ ಬೇಕು. ಫೈಬರ್ ಬಗ್ಗೆ ನನಗೆ ಭಯ ಜಾಸ್ತಿ. ಅದು ಕಾಣುವುದಿಲ್ಲ, ರೆಪ್ಪೆ ತಾನಾಗಿ ಮುಚ್ಚುವುದಿಲ್ಲ, ಬೆಳಕು ನೇರ ಕಣ್ಣಿನ ಹಿಂದಿನ ಪರದೆಗೆ ಹೋಗಿ ಕೂಡುತ್ತದೆ. 1064 ಎಂದು ಬರೆದಿರುವ ಕನ್ನಡಕ ಇಲ್ಲದೆ ನಾನು ಆ ಮೆಷಿನ್ ಆನ್ ಮಾಡುವುದಿಲ್ಲ.

ಇನ್ನು ಪಿವಿಸಿ. ಯಾವ ಲೇಸರ್ ಆದರೂ ಅದನ್ನು ಕತ್ತರಿಸಬೇಡಿ. ಅದರಿಂದ ಹೈಡ್ರೋಜನ್ ಕ್ಲೋರೈಡ್ ಹೊಗೆ ಬಂದು ಶ್ವಾಸಕೋಶವನ್ನೂ ಮೆಷಿನ್ನನ್ನೂ ತಿನ್ನುತ್ತದೆ. ಪ್ಲಾಸ್ಟಿಕ್ ಯಾವುದೆಂದು ಗೊತ್ತಿಲ್ಲದಿದ್ದರೆ ಗಾಳಿಯಾಡುವ ಜಾಗದಲ್ಲಿ ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ, ಆ ಪ್ಲಾಸ್ಟಿಕ್ಕಿಗೆ ಮುಟ್ಟಿಸಿ, ಮತ್ತೆ ಜ್ವಾಲೆಗೆ ಹಿಡಿಯಿರಿ. ಜ್ವಾಲೆ ಹಸಿರಾದರೆ ಆ ಹಾಳೆಯನ್ನು ಲೇಸರ್ ಹತ್ತಿರ ತರಬೇಡಿ.