ತುಲೂಸ್ ರಗ್ಬಿ ಸೀಸನ್ ಪಾಸ್: ಲೀಗಿಗೆ ಪೂರ್ತಿ ಅಂಕ, ಯುರೋಪ್ ಕಪ್‌ಗೆ ಏಪ್ರಿಲ್ ಬಂದ ಮೇಲೆ ನೋಡೋಣ

ಸೀಟು, ಬೆಲೆ, ರಿಯಾಯಿತಿ ಎಲ್ಲ ಕ್ಲಬ್ಬಿನ ಸೈಟಿನಲ್ಲೇ ಸಿಗುತ್ತದೆ, ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಬೆಂಗಳೂರಿನಿಂದ ವಿಮಾನ ತಯಾರಿಕೆ ಕೆಲಸಕ್ಕೆ ಅಂತ ತುಲೂಸಿಗೆ ಬಂದ ನಮ್ಮವರು ನನ್ನನ್ನು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ. ಇಲ್ಲಿನ ರಗ್ಬಿ ಕ್ಲಬ್ ಸ್ತಾದ್ ತುಲೂಜಾಂ ತಂಡದ ವರ್ಷದ ಪಾಸ್ ತಗೊಳ್ಳೋದಾ, ಇಲ್ಲ ಚಾಂಪಿಯನ್ಸ್ ಕಪ್, ಅಂದರೆ ಯುರೋಪ್ ಕಪ್ಪಿನ ದೊಡ್ಡ ಪಂದ್ಯಗಳಿಗೆ ಮಾತ್ರ ಟಿಕೆಟ್ ಕೊಂಡರೆ ಸಾಕಾ? ಯುರೋಪ್ ಅಂದ ತಕ್ಷಣ ಅದೇ ಮೇಲಿನ ಮಟ್ಟ ಅಂತ ಎಲ್ಲರಿಗೂ ಅನ್ನಿಸುತ್ತದೆ. ಸಹಜ. ಆದರೆ ಹಲವು ಸೀಸನ್ ಪಾಸ್ ಇಟ್ಟುಕೊಂಡ ಮೇಲೆ ನಾನು ಹೇಳುವುದು ಬೇರೆ. ದುಡ್ಡು ಒಂದಕ್ಕೇ ಇದ್ದರೆ ಫ್ರಾನ್ಸ್ ದೇಶದ ಲೀಗಿನ ಪಾಸ್‌ಗೆ ಹಾಕಿ.

ಪಂದ್ಯದ ದಿನ ನಮ್ಮನೆಯಲ್ಲಿ ಊಟ ಬೇಗ. ನಾನು ಸಸ್ಯಾಹಾರಿ. ಎರ್ನೆಸ್ಟ್ ವಾಲೋನ್ ಮೈದಾನದ ಹೊರಗೆ ಸಾಸೇಜಿನ ವಾಸನೆಯೇ ಜಾಸ್ತಿ, ನನಗೆ ಸಿಗುವುದು ಆಲೂಗಡ್ಡೆ ಫ್ರೈಸ್ ಮಾತ್ರ. ಹಾಗಾಗಿ ಚಿತ್ರಾನ್ನ ತಿಂದು, ಕೆಂಪು-ಕಪ್ಪು ಸ್ಕಾರ್ಫ್ ಸುತ್ತಿಕೊಂಡು, ಕಾಲುವೆ ಪಕ್ಕದ ದಾರಿಯಲ್ಲಿ ಸೈಕಲ್ ಹೊಡೆಯುತ್ತೇನೆ. ಆಟ ಶುರುವಾಗುವ ಒಂದು ಗಂಟೆ ಮೊದಲೇ ಕಹಳೆ, ಡ್ರಮ್ಮಿನ ವಾದ್ಯದವರು ಸೇರಿರುತ್ತಾರೆ. ನನ್ನ ಮುಂದಿನ ಸಾಲಿನಲ್ಲಿ ನಿವೃತ್ತ ದಂಪತಿ. ಅಜ್ಜಿ ಪ್ರತಿ ಟ್ರೈಯನ್ನೂ (ಎದುರಾಳಿಯ ಗೋಲ್ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸುವುದು) ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಅಜ್ಜನ ಕಿವಿಯಲ್ಲಿ ಇಯರ್‌ಫೋನ್. ಬೇರೆ ಊರುಗಳ ಸ್ಕೋರ್ ಕೇಳಿ, ಯಾರು ಮೇಲೆ ಹೋದರು, ಯಾರು ಕೆಳಗೆ ಜಾರಿದರು ಅಂತ ಸುತ್ತಮುತ್ತಲಿನವರಿಗೆ ಹೇಳುವ ಕೆಲಸ ಅವರದು. ರಗ್ಬಿ ನನಗೆ ಅರ್ಥವಾಗಿದ್ದು ಟಿವಿಯಿಂದಲ್ಲ, ಈ ಅಜ್ಜನಿಂದ.

ಅಜ್ಜ ಮೊದಲು ಕಲಿಸಿದ್ದು ಬೋನಸ್ ಅಂಕದ, ಅಂದರೆ ಪಟ್ಟಿಯಲ್ಲಿ ಸಿಗುವ ಹೆಚ್ಚುವರಿ ಅಂಕದ ಲೆಕ್ಕ. ಯುರೋಪ್ ಕಪ್ಪಿನಲ್ಲಿ ನಾಲ್ಕು ಟ್ರೈ ಹೊಡೆದರೆ ಬೋನಸ್ ಸಿಕ್ಕಿತು, ಅಲ್ಲಿಗೆ ಮುಗಿಯಿತು. ಫ್ರಾನ್ಸಿನ ಟಾಪ್ 14 ಲೀಗಿನಲ್ಲಿ ಎದುರಾಳಿಗಿಂತ ಮೂರು ಟ್ರೈ ಜಾಸ್ತಿ ಇರಬೇಕು, ಅದೂ ಕೊನೆಯ ಸೀಟಿ ಊದುವಾಗ. ಅಂದರೆ ನಾವು 30 ಅಂಕ ಮುಂದಿದ್ದರೂ, 79ನೇ ನಿಮಿಷದಲ್ಲಿ ಎದುರಿನವರು ಒಂದು ಟ್ರೈ ಹೊಡೆದರೆ ಬೋನಸ್ ಕೈತಪ್ಪಬಹುದು. ಗೆದ್ದಾಗಿದೆ, ಆದರೂ ಒಬ್ಬರೂ ಎದ್ದು ಹೋಗುವುದಿಲ್ಲ. ತಮ್ಮ ಗೋಲ್ ಗೆರೆಯ ಮೇಲೆ ನಮ್ಮ ಹುಡುಗರು ಒದ್ದಾಡುವಾಗ ಇಡೀ ಸ್ಟ್ಯಾಂಡ್ ನಿಂತುಬಿಡುತ್ತದೆ. ಇದು ಎಷ್ಟು ಒಳ್ಳೆಯ ನಿಯಮ ಅಂತ ಎಷ್ಟು ಹೇಳಿದರೂ ಕಡಿಮೆ.

ಇನ್ನೊಂದು ಕಾರಣ ಕೆಳಗೆ ಬೀಳುವ ಭಯ. 14 ತಂಡ, 26 ಸುತ್ತು. ಮೇಲಿನ ಆರು ತಂಡಗಳಿಗೆ ಪ್ಲೇಆಫ್. ಕೊನೆಯ ತಂಡ ಪ್ರೊ ಡಿ2 ಅನ್ನುವ ಎರಡನೇ ದರ್ಜೆಗೆ ಇಳಿಯುತ್ತದೆ. 13ನೇ ತಂಡ ಉಳಿಯಬೇಕಾದರೆ ಕೆಳಗಿನ ದರ್ಜೆಯ ತಂಡದ ಜೊತೆ ಒಂದು ಪಂದ್ಯ ಆಡಲೇಬೇಕು. ಮೇ ತಿಂಗಳಲ್ಲಿ ಪಟ್ಟಿಯ ತಳದಲ್ಲಿರುವ ತಂಡ ನಮ್ಮೂರಿಗೆ ಬಂದರೂ ಅದು ಪ್ರಾಣ ಕೊಟ್ಟು ಆಡುತ್ತದೆ. ಇಂಥ ಪಂದ್ಯ ಸುಮ್ನೆ ನೋಡಿ ಬರುವುದಲ್ಲ.

ಇನ್ನು ಲೀಗಿನ ಬಹುಮಾನ. ಬುಕ್ಲಿಯೆ ದ ಬ್ರೆನ್ಯೂಸ್ ಅಂದರೆ ಮರದ ಹಲಗೆಗೆ ಲೋಹದ ತಗಡು ಹೊಡೆದ ಒಂದು ಗುರಾಣಿ, ಅಷ್ಟೇ. ಮೊದಲ ಫೈನಲ್ ನಡೆದದ್ದು 1892ರಲ್ಲಿ, ಪ್ಯಾರಿಸ್ಸಿನ ಎರಡು ಕ್ಲಬ್ಬುಗಳ ನಡುವೆ. ರೆಫರಿ ಪಿಯೆರ್ ದ ಕೂಬರ್ತಾಂ, ಆಧುನಿಕ ಒಲಿಂಪಿಕ್ಸ್ ಶುರು ಮಾಡಿದವರು. ಇಲ್ಲಿನವರು ಈ ಗುರಾಣಿಯನ್ನು ಪ್ರೀತಿಯಿಂದ ಮರದ ತುಂಡು ಅಂತಲೇ ಕರೆಯುತ್ತಾರೆ. ಅದು ಊರಿಗೆ ಬಂದರೆ ಕಪಿತೋಲ್ ಚೌಕದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. 2025ರವರೆಗೆ ತುಲೂಸ್ ಇದನ್ನು 24 ಸಲ ಗೆದ್ದಿದೆ, ಯುರೋಪ್ ಕಪ್ಪನ್ನು 6 ಸಲ. ಆರು ಅನ್ನುವುದು ಯುರೋಪಿನಲ್ಲೇ ದಾಖಲೆ. ಆದರೂ ಮುಂದಿನ ಸಾಲಿನ ಅಜ್ಜನಿಗೆ ಒಂದನ್ನೇ ಆರಿಸಿ ಅಂದರೆ, ಯೋಚನೆಯೇ ಮಾಡದೆ ಗುರಾಣಿ ಅನ್ನುತ್ತಾರೆ.

ಇದು ತುಲೂಸಿಗೆ ಮಾತ್ರ ಸೀಮಿತವಲ್ಲ. ಕ್ಲೆರ್ಮೊಂ ಹತ್ತು ಫೈನಲ್ ಸೋತು, ಕೊನೆಗೆ 2010ರಲ್ಲಿ ಗುರಾಣಿ ಎತ್ತಿತು. ಅಲ್ಲಿನವರಿಗೆ ಅದಕ್ಕಿಂತ ದೊಡ್ಡ ದಿನ ಇಲ್ಲ. ನಮ್ಮಿಂದ ಸ್ವಲ್ಪವೇ ದೂರದ ಕಾಸ್ತ್ರ ಒಂದು ಸಣ್ಣ ಊರು. 2013ರಲ್ಲಿ ತುಲೋಂ ಅನ್ನುವ ಇನ್ನೊಂದು ಊರಿನ ತಂಡ ಯುರೋಪ್ ಗೆದ್ದು ಸರಿಯಾಗಿ ಎರಡು ವಾರಕ್ಕೆ ಇದೇ ಕಾಸ್ತ್ರ ಅವರನ್ನು ಲೀಗ್ ಫೈನಲ್‌ನಲ್ಲಿ 19-14ರಿಂದ ಸೋಲಿಸಿತು. 2018ರಲ್ಲಿ ಆರನೇ ಸ್ಥಾನದಿಂದ ಬಂದು ಮತ್ತೆ ಗೆದ್ದಿತು. ಇಂಥ ಊರು ಯುರೋಪಿನಲ್ಲಿ ಕಪ್ ಎತ್ತುವುದು ಕಷ್ಟ. ಲೀಗಿನಲ್ಲಿ ಎತ್ತಬಹುದು, ಎತ್ತಿಯೂ ತೋರಿಸಿದೆ.

ಈಗ ದೂರು. ಚಾಂಪಿಯನ್ಸ್ ಕಪ್ಪಿನ ಗುಂಪು ಹಂತ ನನಗೆ ನಿಜಕ್ಕೂ ಬೇಜಾರು ತರಿಸಿದೆ.

2014ರವರೆಗೂ ಹೈನಿಕೆನ್ ಕಪ್ ಅಂತ ಇದ್ದಾಗ 24 ತಂಡ, ನಾಲ್ಕು ನಾಲ್ಕರ ಆರು ಗುಂಪು. ಗುಂಪಿನ ಪ್ರತಿ ತಂಡದ ಜೊತೆ ಒಮ್ಮೆ ನಮ್ಮೂರಲ್ಲಿ, ಒಮ್ಮೆ ಅವರೂರಲ್ಲಿ ಆಟ. ಡಿಸೆಂಬರಿನಲ್ಲಿ ಒಂದೇ ಎದುರಾಳಿಯ ಜೊತೆ ಎರಡು ವಾರ ಬೆನ್ನಿಗೆ ಬೆನ್ನಿಗೆ. ಮೊದಲ ವಾರದ ಕೋಪ ಎರಡನೇ ವಾರಕ್ಕೆ ಬರುತ್ತಿತ್ತು. ಕ್ವಾರ್ಟರ್ ಫೈನಲ್‌ಗೆ ಹೋಗುತ್ತಿದ್ದುದು ಎಂಟು ತಂಡ ಮಾತ್ರ. ಈಗಲೂ ತಂಡ 24 ಇವೆ. ಆದರೆ ಆರಾರರ ನಾಲ್ಕು ಗುಂಪು, ಒಬ್ಬರಿಗೆ ನಾಲ್ಕೇ ಪಂದ್ಯ, ಅದರಲ್ಲಿ ಎರಡು ಮಾತ್ರ ತವರಿನಲ್ಲಿ. ಅಷ್ಟಾಗಿ 16 ತಂಡ ಮುಂದಕ್ಕೆ ಹೋಗುತ್ತವೆ. 24ರಲ್ಲಿ 16! ಹೊರಬೀಳುವುದೇ ಕಷ್ಟ.

2025ರ ಜನವರಿಯಲ್ಲಿ ಲೆಸ್ಟರ್ ಇಲ್ಲಿಗೆ ಬಂತು. ಇಂಗ್ಲೆಂಡಿನ ಹಳೆಯ, ದೊಡ್ಡ ಕ್ಲಬ್. ಎರಡು ಸಲ ಯುರೋಪ್ ಗೆದ್ದವರು. ನಾವು 80-12ರಿಂದ ಗೆದ್ದೆವು. ಟ್ರೈ ಮೇಲೆ ಟ್ರೈ, ನೋಡಲು ಚೆಂದವೇ. ಆದರೆ ಅಜ್ಜಿ ಅರ್ಧದಲ್ಲೇ ನೋಟ್‌ಬುಕ್ ಮುಚ್ಚಿಟ್ಟರು. ಮೈದಾನದಲ್ಲಿ ಚಪ್ಪಾಳೆ ಇತ್ತು, ಆತಂಕ ಇರಲಿಲ್ಲ. ಅಷ್ಟು ಅಂಕಗಳಿಂದ ಸೋತ ಲೆಸ್ಟರ್ ಕೂಡ ಮುಂದಿನ ಸುತ್ತಿಗೆ ಹೋಯಿತು. ಅದೇ ಗುಂಪಿನಲ್ಲಿ ಅಲ್‌ಸ್ಟರ್ ತಂಡ ನಾಲ್ಕರಲ್ಲಿ ಒಂದೇ ಪಂದ್ಯ ಗೆದ್ದು ಅದೂ ಮುಂದೆ ಹೋಯಿತು. ಸೋತರೆ ಏನೂ ಕಳೆದುಕೊಳ್ಳುವುದಿಲ್ಲ ಅಂದಮೇಲೆ ಗೆದ್ದಿದ್ದಕ್ಕೆ ಏನು ಬೆಲೆ? ಅದಕ್ಕೂ ಒಂದು ವಾರ ಮೊದಲು ನಮ್ಮ ತಂಡ ಡರ್ಬನ್ನಿಗೆ ಹಾರಿ ಆಡಿ ಬಂದಿತ್ತು, ಏಕೆಂದರೆ 2022ರಿಂದ ದಕ್ಷಿಣ ಆಫ್ರಿಕಾದ ಕ್ಲಬ್ಬುಗಳೂ ಇದರಲ್ಲಿವೆ. ಆಟಗಾರರ ಮೈ ಏನಾಗಬೇಕು?

ನನ್ನ ಬಜೆಟ್ಟಿನ ಕಡೆಯಿಂದ ಇನ್ನೊಂದು ತೊಂದರೆ ಇದೆ. ಭಾರತದ ಪಾಸ್‌ಪೋರ್ಟ್ ಇರುವವರು ಗಮನಿಸಿ. ಫ್ರಾನ್ಸಿನ ವಾಸದ ಪರವಾನಗಿ ಇದ್ದರೆ ಷೆಂಗೆನ್ ದೇಶಗಳಿಗೆ ಹೋಗಿಬರಬಹುದು. ಬ್ರಿಟನ್‌ಗೂ ಐರ್ಲೆಂಡ್‌ಗೂ ವೀಸಾ ಬೇಕು. ಯುರೋಪ್ ಕಪ್ ಫೈನಲ್ 2023ರಲ್ಲಿ ಡಬ್ಲಿನ್, 2024ರಲ್ಲಿ ಲಂಡನ್, 2025ರಲ್ಲಿ ಕಾರ್ಡಿಫ್. 2024ರಲ್ಲಿ ನಾವು ಸೆಮಿಫೈನಲ್ ಗೆದ್ದದ್ದು ಮೇ 5ಕ್ಕೆ, ಫೈನಲ್ ಮೇ 25ಕ್ಕೆ. ಬ್ರಿಟನ್ ವೀಸಾಗೆ ಸಾಮಾನ್ಯವಾಗಿ ಹೇಳುವುದೇ ಮೂರು ವಾರ. ಗೆಲ್ಲುವ ಮೊದಲೇ ಅರ್ಜಿ ಹಾಕಿ, ಬೆರಳಚ್ಚು ಕೊಟ್ಟು, ಶುಲ್ಕ ಕಟ್ಟಿಟ್ಟರೆ ಮಾತ್ರ ಉಂಟು. ನಾನು ಹೋಗಲಿಲ್ಲ. ಅದೇ ಜೂನ್‌ನಲ್ಲಿ ಲೀಗ್ ಫೈನಲ್, ಒಲಿಂಪಿಕ್ಸ್ ಕಾರಣಕ್ಕೆ ಪ್ಯಾರಿಸ್ ಬಿಟ್ಟು ಮಾರ್ಸೇಯಲ್ಲಿ. ರೈಲು ಹತ್ತಿದೆ, ಬೋರ್ದೋ-ಬೆಗ್ಲ್ ತಂಡವನ್ನು 59-3ರಿಂದ ಸೋಲಿಸಿದ್ದನ್ನು ಕಣ್ಣಾರೆ ಕಂಡೆ.

ಹೀಗೆ ಹೇಳಿದರೆ ನಮ್ಮ ಆಫೀಸಿನ ಐರ್ಲೆಂಡಿನವರು ಒಪ್ಪುವುದಿಲ್ಲ. ಅವರ ಮಾತಿನಲ್ಲೂ ನ್ಯಾಯ ಇದೆ. ಅವರದು ಮನ್‌ಸ್ಟರ್. 2000 ಮತ್ತು 2002ರಲ್ಲಿ ಯುರೋಪ್ ಫೈನಲ್ ಸೋತು, 2006ರಲ್ಲಿ ಕಾರ್ಡಿಫ್‌ನಲ್ಲಿ ಗೆದ್ದಾಗ ಲಿಮೆರಿಕ್ ಬೀದಿಯಲ್ಲಿ ಸೇರಿದ್ದ ಜನಸಾಗರವನ್ನು ಮೈದಾನದ ಪರದೆಯಲ್ಲೇ ತೋರಿಸಿದ್ದರು. ಆ ಕಪ್ಪಿನಿಂದಲೇ ಆ ತಂಡಕ್ಕೆ ಒಂದು ಕಥೆ ಹುಟ್ಟಿತು. ಅವರ ಲೀಗ್ ಶುರುವಾಗಿದ್ದೇ 2001ರಲ್ಲಿ. ಆಮೇಲೆ ಅದರ ಹೆಸರು ಎಷ್ಟೋ ಸಲ ಬದಲಾಯಿತು. ಈಗ ಅದರಲ್ಲಿ ಐದು ದೇಶಗಳ 16 ತಂಡ, ಯಾರೂ ಕೆಳಗೆ ಬೀಳುವುದಿಲ್ಲ. ಅಲ್ಲಿ ಯುರೋಪಿಗೆ ಹೆಚ್ಚು ಬೆಲೆ ಬರುವುದು ಸರಿಯೇ. 2023ರಲ್ಲಿ ಮನ್‌ಸ್ಟರ್ ಕೇಪ್ ಟೌನಿಗೆ ಹೋಗಿ ಸ್ಟಾರ್ಮರ್ಸ್ ತಂಡವನ್ನು 19-14ರಿಂದ ಸೋಲಿಸಿ ಅದೇ ಲೀಗ್ ಗೆದ್ದಾಗ ಮಾತ್ರ ಈ ಗೆಳೆಯರು ಅತ್ತುಬಿಟ್ಟರು. ಹನ್ನೆರಡು ವರ್ಷ ಯಾವ ಕಪ್ಪೂ ಇರಲಿಲ್ಲ ಅವರಿಗೆ.

ಏಪ್ರಿಲ್ ಬಂದರೆ ನನ್ನ ದೂರೂ ಮೆತ್ತಗಾಗುತ್ತದೆ. ನಾಕೌಟ್‌ನಲ್ಲಿ ಈ ಕಪ್ಪೇ ಬೇರೆ. 2022ರ ಕ್ವಾರ್ಟರ್ ಫೈನಲ್, ಡಬ್ಲಿನ್‌ನಲ್ಲಿ ಮನ್‌ಸ್ಟರ್ ವಿರುದ್ಧ. ಹೆಚ್ಚುವರಿ ಸಮಯ ಮುಗಿದರೂ 24-24. ಕೊನೆಗೆ ಕಿಕ್‌ಗಳ ಮೇಲೆ ತೀರ್ಮಾನ, ನಮ್ಮ ದ್ಯುಪೋಂ, ಎನ್‌ಟಮಾಕ್, ರಾಮೋಸ್ ಒದ್ದು ಗೆಲ್ಲಿಸಿದರು. 2024ರ ಫೈನಲ್‌ನಲ್ಲಿ ಐರ್ಲೆಂಡಿನ ಲೆನ್‌ಸ್ಟರ್ ಜೊತೆ 80 ನಿಮಿಷಕ್ಕೆ 15-15, ಹೆಚ್ಚುವರಿ ಸಮಯದಲ್ಲಿ 31-22. ಅಷ್ಟು ಬಿಗಿಯಾದ, ಅಷ್ಟು ದಣಿದ, ಅಷ್ಟು ಧೈರ್ಯದ ಆಟ ಲೀಗಿನಲ್ಲಿ ನಾನು ಕಂಡಿದ್ದು ಅಪರೂಪ. ಅವತ್ತು ಬಾರಿನಲ್ಲಿ ನಿಂತು ಕೂಗಿ ಕೂಗಿ ಗಂಟಲು ಹೋಯಿತು. ಗುಂಪು ಹಂತವನ್ನು ಹಳೆಯ ಹಾಗೆ ಮಾಡಿದರೆ ಈ ಕಪ್ಪಿಗೆ ಸಮ ಇನ್ನೊಂದಿಲ್ಲ. ಅದಕ್ಕೇ ಇಷ್ಟು ಸಿಟ್ಟು.

ಪಾಸ್‌ನಿಂದ ನಾನು ನಿರೀಕ್ಷಿಸದೆ ಸಿಕ್ಕ ಸಂತೋಷ ಬೇರೆಯೇ ಇದೆ. ಇಲ್ಲಿ ದೂಬ್ಲೋಂ ಅನ್ನುವ ವಾರಗಳಿವೆ. ನವೆಂಬರಿನಲ್ಲಿ, ಮತ್ತೆ ಫೆಬ್ರವರಿ-ಮಾರ್ಚ್‌ನಲ್ಲಿ, ಫ್ರಾನ್ಸ್ ತಂಡ ದೇಶಕ್ಕಾಗಿ ಆಡುವಾಗಲೂ ಲೀಗ್ ನಿಲ್ಲುವುದಿಲ್ಲ. ದ್ಯುಪೋಂ ಇಲ್ಲ, ರಾಮೋಸ್ ಇಲ್ಲ, ಫ್ಲಮಾಂ ಇಲ್ಲ. ರಾಹುಲ್, ಪ್ರಸಿದ್ಧ್ ಇಲ್ಲದೆ ಕರ್ನಾಟಕ ರಣಜಿ ಆಡಿದ ಹಾಗೆ. ಪಾಸ್ ಇದ್ದವರು ಈ ಟಿಕೆಟ್‌ಗಳನ್ನು ಮಾರಲು ನೋಡುತ್ತಾರೆ. ನನಗೆ ಮಾತ್ರ ಇವೇ ಅತಿ ಪ್ರೀತಿಯ ಪಂದ್ಯಗಳು. ಚಳಿ, ಮಳೆ, ಕೆಸರು, ಅಕಾಡೆಮಿಯಿಂದ ನೇರ ಬಂದ ಹುಡುಗರು. ಎದುರಿಗೆ ಪೂರ್ತಿ ಬಲದ ಕಾಸ್ತ್ರವೋ ಪೋ ತಂಡವೋ. ಅಜ್ಜನಿಗೆ ಈ ಹುಡುಗರ ಅಪ್ಪಂದಿರೂ ಗೊತ್ತು. 1996ರಲ್ಲಿ ಮೊಟ್ಟಮೊದಲ ಯುರೋಪ್ ಕಪ್ ಎತ್ತಿದ ತುಲೂಸ್ ನಾಯಕ ಎಮಿಲ್ ಎನ್‌ಟಮಾಕ್. 2023ರ ಲೀಗ್ ಫೈನಲ್‌ನ ಕೊನೆಯಲ್ಲಿ ದೂರದಿಂದ ಓಡಿ ಲಾ ರೊಷೆಲ್ ವಿರುದ್ಧ 29-26ರಿಂದ ಗೆಲ್ಲಿಸಿದ್ದು ಅವರ ಮಗ ರೊಮಾಂ. ಜೋಶುವಾ ಬ್ರೆನನ್ ಅವರ ಅಪ್ಪ ಟ್ರೆವರ್ ಐರ್ಲೆಂಡಿನಿಂದ ಬಂದು ಇಲ್ಲೇ ಆಡಿದವರು. ಇಂಥ ಮಕ್ಕಳನ್ನು ಮೊದಲು ನೋಡುವುದು ಯುರೋಪ್ ರಾತ್ರಿಗಳಲ್ಲಿ ಅಲ್ಲ, ಈ ಕೆಸರಿನ ಶನಿವಾರಗಳಲ್ಲಿ.

2025ರಲ್ಲಿ ಇದರ ಬೆಲೆ ಎಲ್ಲರಿಗೂ ಗೊತ್ತಾಯಿತು. ಮಾರ್ಚ್‌ನಲ್ಲಿ ದ್ಯುಪೋಂ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡರು. ಯುರೋಪ್ ಸೆಮಿಫೈನಲ್‌ನಲ್ಲಿ ಬೋರ್ದೋ ನಮ್ಮನ್ನು 35-18ರಿಂದ ಸೋಲಿಸಿ ಆಮೇಲೆ ಕಪ್ಪನ್ನೂ ಗೆದ್ದಿತು. ಐದು ವಾರದ ಬಳಿಕ ಲೀಗ್ ಫೈನಲ್‌ನಲ್ಲಿ ಅದೇ ಬೋರ್ದೋ. 80 ನಿಮಿಷಕ್ಕೆ 33-33, ಹೆಚ್ಚುವರಿ ಸಮಯದಲ್ಲಿ ನಮಗೆ 39-33. ಅವರ ಕೈಯಲ್ಲಿ ಯುರೋಪ್ ಕಪ್ ಇತ್ತು, ಆದರೂ ಅವತ್ತು ಅವರ ಹುಡುಗರು ನೆಲದ ಮೇಲೆ ಕೂತು ಅತ್ತರು.

ನನ್ನ ಅಂಕ: ಲೀಗ್ ಪಾಸ್‌ಗೆ 5ಕ್ಕೆ 5. ಯುರೋಪ್ ಗುಂಪು ಹಂತಕ್ಕೆ 2, ನಾಕೌಟ್‌ಗೆ 5. ಮುಂದಿನ ಸೀಸನ್‌ಗೂ ಪಾಸ್ ನವೀಕರಿಸುತ್ತಿದ್ದೇನೆ. ಯುರೋಪ್ ಟಿಕೆಟ್ ಏಪ್ರಿಲ್ ನಂತರ, ಪಂದ್ಯ ಫ್ರಾನ್ಸಿನಲ್ಲಿದ್ದರೆ ಮಾತ್ರ. ಹೊಸದಾಗಿ ಬಂದವರು ಒಂದೇ ಪಂದ್ಯ ನೋಡಿ ತೀರ್ಮಾನಿಸಬೇಕು ಅಂತಿದ್ದರೆ, ನವೆಂಬರಿನ ದೂಬ್ಲೋಂ ವಾರದ ಟಿಕೆಟ್ ತಗೊಳ್ಳಿ. ರೇನ್‌ಕೋಟ್ ಮರೆಯಬೇಡಿ, ಮೇಲಿನ ಸಾಲುಗಳಲ್ಲಿ ಗಾಳಿ ಜಾಸ್ತಿ.