ಹಳದಿ ಕರ್ಚೀಫು: ಜಪಾನಿನದ್ದು ನೋಡೋದಾ, ಅಮೆರಿಕದ್ದಾ?

ಹೋದ ತಿಂಗಳು ಒಂದೇ ಕತೆಯ ಎರಡು ಸಿನಿಮಾಗಳನ್ನು ಬೆನ್ನುಬೆನ್ನಿಗೆ ನೋಡಿದೆ. ಶನಿವಾರ 2008ರ ಅಮೆರಿಕದ್ದು, ಭಾನುವಾರ 1977ರ ಜಪಾನಿನದ್ದು. ಬೇಕಂತಲೇ ಹಿಂದುಮುಂದು ಮಾಡಿದ್ದು. ಹಳೆಯದಕ್ಕೆ ಹೆಸರು ಜಾಸ್ತಿ. ಅದನ್ನೇ ಮೊದಲು ನೋಡಿದರೆ ಹೊಸದನ್ನು ಮೂಗು ಮುರಿದುಕೊಂಡೇ ನೋಡುತ್ತಿದ್ದೆ. ಎರಡೂ ಇಂಗ್ಲಿಷಿನಲ್ಲಿ 'ದಿ ಯೆಲ್ಲೋ ಹ್ಯಾಂಡ್‌ಕರ್ಚೀಫ್' ಅಂತಲೇ ಸಿಗುತ್ತವೆ, ಹುಡುಕುವಾಗ ಇಸವಿ ನೋಡಿಕೊಳ್ಳಿ.

ಪಕ್ಕದಲ್ಲಿ ಅಮ್ಮ ಕೂತಿದ್ದಳು. ಮುಂದೆ ಮೊರ, ಮೊರದ ತುಂಬ ಅವರೆಕಾಯಿ. ಅವಳಿಗೆ ಇಂಗ್ಲಿಷೂ ಬರಲ್ಲ, ಜಪಾನಿ ಭಾಷೆಯಂತೂ ಮೊದಲೇ ಇಲ್ಲ. ಮಾತೆಲ್ಲ ನಾನೇ ಹೇಳಬೇಕು. ಹಾಗಾಗಿ ಭಾಷೆಯ ಲಾಭ ಯಾವ ಸಿನಿಮಾಕ್ಕೂ ಸಿಗಲಿಲ್ಲ.

ಕತೆ ಅಂಗೈಯಗಲದ್ದು. ಜೈಲಿನಿಂದ ಬಿಡುಗಡೆಯಾದವನೊಬ್ಬ ಹೆಂಡತಿಗೆ ಕಾಗದ ಬರೆಯುತ್ತಾನೆ. ಇನ್ನೂ ನನಗಾಗಿ ಕಾಯುತ್ತಿದ್ದರೆ ಒಂದು ಹಳದಿ ಕರ್ಚೀಫು ಕಟ್ಟು, ಇಲ್ಲದಿದ್ದರೆ ನನ್ನ ಪಾಡಿಗೆ ಹೋಗುತ್ತೇನೆ ಅಂತ. ದಾರಿಯಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ ಕಾರಿನಲ್ಲಿ ಜಾಗ ಕೊಡುತ್ತಾರೆ. ಕರ್ಚೀಫು ಇರುತ್ತದಾ ಇಲ್ಲವಾ? ಉತ್ತರ ಪೋಸ್ಟರಿನಲ್ಲೇ ಇದೆ, ಗುಟ್ಟು ಬಿಟ್ಟುಕೊಟ್ಟೆ ಅಂತ ನನ್ನ ಬೈಯಬೇಡಿ.

ಇಲ್ಲೊಂದು ತಮಾಷೆ ಇದೆ. ಈ ಕತೆ ಜಪಾನಿನದ್ದಲ್ಲ. ಪೀಟ್ ಹ್ಯಾಮಿಲ್ 1971ರಲ್ಲಿ ನ್ಯೂಯಾರ್ಕ್‌ನ ಪತ್ರಿಕೆಯೊಂದರಲ್ಲಿ ಬರೆದ ಅಂಕಣ ಇದರ ಮೂಲ. ಅಂದರೆ ಅಮೆರಿಕದವರು ಕದ್ದಿದ್ದಲ್ಲ, ಮಗಳು ತವರಿಗೆ ಬಂದ ಹಾಗೆ ಕತೆ ವಾಪಸ್ ಬಂದಿದೆ. ಅಮೆರಿಕದ್ದರ ನಿರ್ದೇಶಕ ಉದಯನ್ ಪ್ರಸಾದ್, ಭಾರತದಲ್ಲಿ ಹುಟ್ಟಿದ ಬ್ರಿಟಿಷ್ ನಿರ್ದೇಶಕ. ಕತ್ರಿನಾ ಚಂಡಮಾರುತ ಬಡಿದು ಹೋದ ಮೇಲಿನ ಲೂಸಿಯಾನ ರಾಜ್ಯದಲ್ಲಿ ಕತೆ ನಡೆಯುತ್ತದೆ. ಆ ನೀರು, ಆ ಮಂಕು ಬೆಳಕು ಚೆನ್ನಾಗಿದೆ. ಜೈಲಿನಿಂದ ಬಂದವನಾಗಿ ವಿಲಿಯಂ ಹರ್ಟ್ ನಟನೆಯಲ್ಲೂ ಕೊರತೆ ಇಲ್ಲ. ಕಾರಿನ ಹುಡುಗ, ಹುಡುಗಿಯಾಗಿರುವ ಎಡ್ಡಿ ರೆಡ್‌ಮೇನ್, ಕ್ರಿಸ್ಟನ್ ಸ್ಟೀವರ್ಟ್ ಇಬ್ಬರೂ ಆಗಿನ್ನೂ ಎಳೆಯರು. ಅಮ್ಮ ಪೂರ್ತಿ ನೋಡಿದಳು, ಅವರೆಕಾಯಿಯನ್ನೂ ಪೂರ್ತಿ ಬಿಡಿಸಿದಳು. "ಪರವಾಗಿಲ್ಲ, ಪಾಪ" ಅಂದಳು.

ಭಾನುವಾರ ಯೋಜಿ ಯಮಾದಾ ನಿರ್ದೇಶಿಸಿದ ಜಪಾನಿನದ್ದು ಹಾಕಿದೆ. ಟೋಕಿಯೊದಲ್ಲಿ ಪ್ರೀತಿ ಮುರಿದುಬಿದ್ದ ಕಿನ್ಯಾ ಅನ್ನೋ ಹುಡುಗ ಕೆಲಸ ಬಿಡುತ್ತಾನೆ. ಕೈಗೆ ಬಂದ ದುಡ್ಡಲ್ಲಿ ಕೆಂಪು ಮಾಜ್ದಾ ಫಮಿಲಿಯಾ ಕಾರು ಕೊಂಡು, ಹಡಗು ಹತ್ತಿಸಿ ಉತ್ತರದ ಹೊಕ್ಕೈಡೊ ದ್ವೀಪಕ್ಕೆ ಬರುತ್ತಾನೆ. ಉದ್ದೇಶ ಏನು? ಹುಡುಗಿಯರ ಹಿಂದೆ ಬೀಳೋದು. ಅಲ್ಲಿನ ಅಬಾಶಿರಿ ಅನ್ನೋ ಊರಿನಲ್ಲಿ ಸಿಗುವ ಅಕೆಮಿ, ರೈಲಿನಲ್ಲಿ ತಿಂಡಿ ಮಾರುವ ಹುಡುಗಿ, ಸುಮ್‌ಸುಮ್ನೆ ಅಳುವವಳು. ಇವರಿಬ್ಬರ ಪೆದ್ದುತನದ ನಡುವೆ ಗಂಟುಮುಖದ ಯೂಸಾಕು ಬಂದು ಕೂರುತ್ತಾನೆ. ಆ ಪಾತ್ರ ಕೆನ್ ತಕಾಕುರಾ ಅವರದ್ದು.

ಜೈಲಿನಿಂದ ಹೊರಬಂದ ಯೂಸಾಕು ಮೊದಲು ಮಾಡುವ ಕೆಲಸ ಒಂದು ಸಣ್ಣ ಹೋಟೆಲಿಗೆ ಹೋಗುವುದು. ಬಿಯರ್ ಹೇಳುತ್ತಾನೆ. ಆಮೇಲೆ ಸಾರಿನಲ್ಲಿ ನೂಡಲ್ಸ್ ಹಾಕಿದ ರಾಮೆನ್, ಅನ್ನದ ಮೇಲೆ ಕರಿದ ಹಂದಿಮಾಂಸ ಹಾಕಿದ ಕತ್ಸುದೊನ್. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಒಂದೇ ಉಸಿರಿಗೆ ಕುಡಿಯುತ್ತಾನೆ. ಈ ದೃಶ್ಯಕ್ಕಾಗಿ ತಕಾಕುರಾ ಎರಡು ದಿನ ಊಟ ಬಿಟ್ಟಿದ್ದರು ಅಂತ ಜಪಾನಿನಲ್ಲಿ ಇವತ್ತಿಗೂ ಹೇಳುತ್ತಾರೆ. ನೋಡಿದರೆ ನಂಬಬೇಕು ಅನಿಸುತ್ತೆ. ಅಮೆರಿಕದ ಸಿನಿಮಾದಲ್ಲೂ ಬಿಯರ್ ಬರುತ್ತೆ. ಅಲ್ಲಿ ಅದು ಬಾಯಾರಿಕೆ. ಇಲ್ಲಿ ಆ ವರ್ಷಗಳೆಲ್ಲ ಆ ಲೋಟದಲ್ಲಿವೆ. ಅಮ್ಮ ಒಂದು ಕಾಯಿ ಕೈಯಲ್ಲೇ ಹಿಡಿದುಕೊಂಡು, "ಎಷ್ಟು ದಿನ ಆಗಿತ್ತೋ ಉಂಡು" ಅಂದಳು. ನಾನಿನ್ನೂ ಅವನು ಜೈಲಿನಿಂದ ಬಂದವನು ಅಂತ ಹೇಳಿರಲಿಲ್ಲ.

ಜಪಾನಿನವರಿಗೆ ಆ ಜೈಲಿನ ಬಾಗಿಲಲ್ಲಿ ಇನ್ನೂ ಒಂದು ಅರ್ಥ ಕಂಡಿರಬೇಕು. ತಕಾಕುರಾ ದೊಡ್ಡ ಸ್ಟಾರ್ ಆಗಿದ್ದೇ ರೌಡಿಗಳ ಸಿನಿಮಾಗಳಿಂದ. 1965ರಲ್ಲಿ ಶುರುವಾದ ಒಂದು ಸರಣಿಯ ಹೆಸರಿನಲ್ಲೇ ಇದೇ ಅಬಾಶಿರಿ ಇದೆ. ಅದೇ ಮನುಷ್ಯ ಅದೇ ಊರಿನ ಜೈಲಿನಿಂದ ತಲೆ ತಗ್ಗಿಸಿಕೊಂಡು ಬರುತ್ತಾನೆ, ಕತ್ತಿ ಇಲ್ಲ, ಠೇಂಕಾರ ಇಲ್ಲ. ಈ ಲಾಭ ಪಾಪ ವಿಲಿಯಂ ಹರ್ಟ್‌ಗೆ ಎಲ್ಲಿಂದ ಬರಬೇಕು?

ಆದರೆ ನನ್ನ ಮಟ್ಟಿಗೆ ನಿಜವಾದ ವ್ಯತ್ಯಾಸ ಬೇರೆ ಕಡೆ ಇದೆ. ಅಮೆರಿಕದವರು ಹಳೆಯ ನೆನಪುಗಳನ್ನು ಮೊದಲಿಂದಲೇ ಚೂರುಚೂರಾಗಿ ತೋರಿಸುತ್ತಾ ಹೋಗುತ್ತಾರೆ. ಇವನಿಗೊಂದು ನೋವಿದೆ ಅಂತ ಹತ್ತು ನಿಮಿಷಕ್ಕೊಮ್ಮೆ ಜ್ಞಾಪಿಸುತ್ತಾರೆ. ಯಮಾದಾ ಬಾಯಿ ಬಿಡಲ್ಲ. ಅರ್ಧ ಸಿನಿಮಾ ನಾವು ನೋಡೋದು ಕಿನ್ಯಾನ ಅವಾಂತರ. ಏಡಿ ಸಿಕ್ಕಾಪಟ್ಟೆ ತಿಂದು ಹೊಟ್ಟೆ ಕೆಡಿಸಿಕೊಂಡು ದಾರಿಯುದ್ದಕ್ಕೂ ಓಡುತ್ತಾನೆ. ಒಬಿಹಿರೊದಲ್ಲಿ ರೌಡಿಯೊಬ್ಬನ ಕೈಲಿ ಒದೆ ತಿನ್ನುತ್ತಾನೆ. ಅವನನ್ನು ಬಿಡಿಸಿಕೊಂಡು ಕಾರು ಓಡಿಸಿದ ಯೂಸಾಕು ಲೈಸೆನ್ಸ್ ಇಲ್ಲದೆ ಪೊಲೀಸರಿಗೆ ಸಿಕ್ಕಿಬೀಳುತ್ತಾನೆ. ಆಗಲೇ ಆ ಇಬ್ಬರಿಗೆ ಗೊತ್ತಾಗೋದು ಇವನು ಜೈಲಿನಿಂದ ಬಂದವನು ಅಂತ. ಅಷ್ಟು ಹೊತ್ತಿಗೆ ನಾವು ನಗ್ತಾ ನಗ್ತಾ ಆ ಕಾರಿನಲ್ಲಿ ನಾಲ್ಕನೆಯವರಾಗಿ ಕೂತಾಗಿದೆ. ಮೊದಲು ಜೊತೆ, ಆಮೇಲೆ ಕತೆ. ಬಸ್ಸಿನಲ್ಲಿ ಪಕ್ಕದವರ ವಿಷಯ ನಮಗೆ ತಿಳಿಯೋದೂ ಹೀಗೇ ಅಲ್ವಾ?

ಇನ್ನು ಆ ಕರ್ಚೀಫು. ಯೂಸಾಕು ಯೂಬಾರಿಯ ಕಲ್ಲಿದ್ದಲು ಗಣಿ ಕಾರ್ಮಿಕ. ಹೆಂಡತಿ ಮಿತ್ಸುಯೆ ಬಸುರಿಯಿರಬಹುದು ಅನಿಸಿ ಡಾಕ್ಟರ ಹತ್ತಿರ ಹೋಗುವಾಗ, ನಿಜವಾಗಿದ್ದರೆ ಮನೆ ಮುಂದಿನ ಕಂಬಕ್ಕೆ ಹಳದಿ ಕರ್ಚೀಫು ಕಟ್ಟುತ್ತೇನೆ ಅಂದಿರುತ್ತಾಳೆ. ಗಣಿಯಿಂದ ಬರುವಾಗ ಅದು ಹಾರಾಡುವುದನ್ನು ಅವನು ನೋಡಿರುತ್ತಾನೆ. ಆ ಕಂಬವೂ ಬರೀ ಕಂಬವಲ್ಲ. ಮೇ ತಿಂಗಳಲ್ಲಿ ಗಂಡುಮಕ್ಕಳಿರುವ ಮನೆಯವರು ಬಟ್ಟೆಯ ಮೀನುಗಳನ್ನು ಹಾರಿಸುವ ಕಂಬ ಅದು. ಆ ಮಗು ಉಳಿಯಲಿಲ್ಲ. ಆ ಸಂಕಟದಲ್ಲಿ ಕುಡಿದು, ಬೀದಿಜಗಳದಲ್ಲಿ ಒಬ್ಬನನ್ನು ಕೊಂದು ಅವನು ಜೈಲಿಗೆ ಹೋಗಿದ್ದು. ಹಾಗಾಗಿ ಕಾಗದದಲ್ಲಿ ಅವನು ಕೇಳಿದ್ದು ಬರೀ ಗುರುತಲ್ಲ. ಅವರಿಬ್ಬರ ಬಾಳಲ್ಲಿ ಅತಿ ಸಂತೋಷದ ದಿನ ಹಾರಿದ್ದನ್ನೇ ಇನ್ನೊಮ್ಮೆ ಹಾರಿಸು ಅಂತ ಕೇಳಿದ್ದಾನೆ. ಇದನ್ನು ಅಮ್ಮನಿಗೆ ಹೇಳುವಾಗ ನನ್ನ ಗಂಟಲೇ ಕಟ್ಟಿತು.

ಯೂಬಾರಿ ಹತ್ತಿರ ಬಂದ ಹಾಗೆ ಯೂಸಾಕು ವಾಪಸ್ ಹೋಗೋಣ ಅನ್ನುತ್ತಾನೆ. ಊರಿನೊಳಗೆ ಬಂದ ಮೇಲೂ ತಲೆ ಎತ್ತಲ್ಲ. ಹೊರಗೆ ಏನೇನು ಕಾಣುತ್ತಿದೆ ಅಂತ ಅಕೆಮಿ ಹೇಳುತ್ತಾ ಹೋಗುತ್ತಾಳೆ. ಕೊನೆಗೆ ಕಂಬ ಕಾಣುತ್ತೆ. ಒಂದಲ್ಲ, ಸಾಲುಸಾಲು ಕರ್ಚೀಫು. ಗಂಡ ಹೆಂಡತಿ ಸೇರುವುದನ್ನು ಕ್ಯಾಮೆರಾ ದೂರದಿಂದಲೇ ನೋಡುತ್ತೆ. ಏನು ಮಾತಾಡಿದರೋ ನಮಗೆ ಕೇಳಿಸಲ್ಲ. ನಾನು ಹೇಳಿಕೊಡಬೇಕಾದ್ದೂ ಏನೂ ಇರಲಿಲ್ಲ.

ಹಳೆಯದರಲ್ಲಿ ದೋಷ ಇಲ್ಲ ಅಂತಲ್ಲ. ಕಿನ್ಯಾ ಅಕೆಮಿಯ ಮೈಮೇಲೆ ಬೀಳುವ ದೃಶ್ಯ ಇವತ್ತು ನೋಡುವಾಗ ಹಿಂಸೆಯಾಗುತ್ತೆ. ಯೂಸಾಕು ಅವನಿಗೆ ಚೆನ್ನಾಗಿ ಉಗಿಯುತ್ತಾನೆ ನಿಜ, ಆದರೂ ಸಿನಿಮಾ ಅವನನ್ನು ಬೇಗ ಕ್ಷಮಿಸಿಬಿಡುತ್ತೆ. ಈ ಹುಡುಗಿಯ ವಿಷಯದಲ್ಲಿ ಅಮೆರಿಕದ್ದೇ ವಾಸಿ. ಸ್ಟೀವರ್ಟ್ ಪಾತ್ರಕ್ಕೆ ತನ್ನದೇ ಒಂದು ಮನಸ್ಸಿದೆ. ಅಂದಹಾಗೆ, ಅಕೆಮಿಯಾಗಿದ್ದ ಕಾವೊರಿ ಮೊಮೊಯಿ ಅಮೆರಿಕದ ಸಿನಿಮಾದಲ್ಲೂ ಮೋಟೆಲಿನ ಒಡತಿಯಾಗಿ ಒಂದು ಗಳಿಗೆ ಬಂದು ಹೋಗುತ್ತಾರೆ. ಶನಿವಾರ ನಾನು ಗಮನಿಸಿರಲೇ ಇಲ್ಲ.

ಜಪಾನಿನ ರೋಡ್ ಸಿನಿಮಾ ಅಂದರೆ ಕೆಲವರು ಟಕೇಶಿ ಕಿಟಾನೊ ಅವರ 1999ರ 'ಕಿಕುಜಿರೊ' ನೋಡಿ ಅನ್ನುತ್ತಾರೆ. ಅದನ್ನೂ ನೋಡಿದ್ದೇನೆ. ಅಮ್ಮನನ್ನು ಹುಡುಕಿ ಹೊರಟ ಹುಡುಗ, ಜೊತೆಗೊಬ್ಬ ಒರಟ. ಜೋ ಹಿಸೈಶಿ ಸಂಗೀತ ಈಗಲೂ ಗುನುಗುತ್ತಿರುತ್ತೇನೆ. ಮನೆಯಲ್ಲಿ ದೊಡ್ಡ ಮಕ್ಕಳಿದ್ದರೆ ಹಾಕಿ. ಆದರೆ ಎರಡನೆಯ ಅರ್ಧದಲ್ಲಿ ಆಟ ಜಾಸ್ತಿ, ದಾರಿ ಕಡಿಮೆ.

ನಾನು ಇಟ್ಟುಕೊಳ್ಳುವುದು ಯಮಾದಾ ಅವರದ್ದನ್ನೇ. ಜಪಾನ್ ಅಕಾಡೆಮಿಯವರು ಪ್ರಶಸ್ತಿ ಕೊಡಲು ಶುರು ಮಾಡಿದ ಮೊದಲ ವರ್ಷವೇ ಅತ್ಯುತ್ತಮ ಚಿತ್ರ ಅಂತ ಆರಿಸಿದ್ದು ಇದನ್ನು. ಯೂಬಾರಿಯ ಗಣಿಗಳೆಲ್ಲ ಮುಚ್ಚಿಹೋಗಿವೆ. ಒಂದು ಕಾಲಕ್ಕೆ ಲಕ್ಷಕ್ಕೂ ಮೀರಿ ಜನ ಇದ್ದ ಊರಿನಲ್ಲಿ ಈಗ ಹತ್ತು ಸಾವಿರವೂ ಇಲ್ಲ. ಸಿನಿಮಾದ ಮನೆಗಳನ್ನು ಮಾತ್ರ ಉಳಿಸಿಕೊಂಡಿದ್ದಾರೆ. ಒಳಗೆ ಆ ಕೆಂಪು ಕಾರು, ಗೋಡೆ ತುಂಬ ಬಂದವರು ಬರೆದು ಅಂಟಿಸಿದ ಹಳದಿ ಚೀಟಿಗಳು.

ಭಾನುವಾರ ರಾತ್ರಿ ಮೊರ ನೋಡಿದೆ. ಅರ್ಧ ಕಾಯಿ ಹಾಗೇ ಇತ್ತು. "ನಾಳೆ ಆದೀತು ಬಿಡು" ಅಂದಳು ಅಮ್ಮ. ಆಮೇಲೆ, "ಆ ಹುಡುಗ ಏಡಿ ತಿಂದು ಓಡ್ತಾನಲ್ಲ, ಅದನ್ನ ಇನ್ನೊಂದ್ಸಲ ಹಾಕು."